ಮನೆಯಡುಗೆಯಲ್ಲಿ ಏಡಿ: ಕರಾವಳಿ ಮತ್ತು ಮಲೆನಾಡಿನ ಒಂದು ಅಲಿಖಿತ ಪಾಕಶಾಸ್ತ್ರ

ಕನ್ನಡದಲ್ಲಿ ಪಾಕಶಾಸ್ತ್ರ ಕುರಿತ ಬರವಣಿಗೆಗೆ ಸುಮಾರು ಸಾವಿರ ವರ್ಷಗಳ ಇತಿಹಾಸವಿದೆ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಮೀಸಲಾದ ಭಾಗವಿದೆ. 16ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಅಡುಗೆಯನ್ನೇ ವಸ್ತುವಾಗಿ ಉಳ್ಳ ಷಟ್ಪದಿ ಕೃತಿ. ಇವೆರಡೂ ಶಾಕಾಹಾರದ ಗ್ರಂಥಗಳು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನು ಮಾಂಸಗಳ ಪಾಕಗಳಿಗೆ ಎಡೆ ದೊರೆತಿದೆಯಾದರೂ ಅದು ಅರಸನ ಭೋಜನಶಾಲೆಯ ಚಿತ್ರ. ಹೊಳೆಯ ಬದಿಯ, ಗದ್ದೆಯಂಚಿನ, ಕಡಲ ದಡದ ಮನೆಗಳಲ್ಲಿ ತಲೆಮಾರುಗಳಿಂದ ಬೇಯುತ್ತಾ ಬಂದಿರುವ ಏಡಿಯ ಅಡುಗೆ ಈ ಗ್ರಂಥಪರಂಪರೆಯ ಹೊರಗೇ ಉಳಿಯಿತು. ಅದು ಬಾಯಿಂದ ಬಾಯಿಗೆ ಬಂದದ್ದಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ಬಂದ ವಿದ್ಯೆ.

ನೆರೆಯ ತಮಿಳಿನ ಸ್ಥಿತಿ ಇದಕ್ಕಿಂತ ಭಿನ್ನ. ಸಂಗಂ ಸಾಹಿತ್ಯದ ‘ಐಂಗುರುನೂರು’ ಸಂಕಲನದಲ್ಲಿ ಗದ್ದೆಯ ಏಡಿಯನ್ನೇ ಮುಂದಿಟ್ಟುಕೊಂಡ ಹತ್ತು ಪದ್ಯಗಳ ಗುಚ್ಛವೊಂದಿದೆ. ‘ಸಿರುಪಾಣಾಟ್ರುಪ್ಪಡೈ’ಯಲ್ಲಿ ಪಾಣರಿಗೆ ಬೇಸಾಯಗಾರರ ಮನೆಯಲ್ಲಿ ದೊರೆಯುವ ಆತಿಥ್ಯವೆಂದರೆ ಬಿಳಿಯ ಅನ್ನ ಮತ್ತು ಏಡಿಯ ವ್ಯಂಜನ. ಕನ್ನಡದ ಹಳೆಯ ಕೃತಿಗಳ ಮೌನದಿಂದ ಇಲ್ಲಿಯ ಜನರು ಏಡಿಯನ್ನು ತಿನ್ನುತ್ತಿರಲಿಲ್ಲವೆಂದು ತೀರ್ಮಾನಿಸಲಾಗದು. ತಿಂದವರು ಬರೆಯಲಿಲ್ಲ, ಬರೆದವರು ತಿನ್ನಲಿಲ್ಲ ಎಂದಷ್ಟೇ ಊಹಿಸಬಹುದು.

ಹೆಸರುಗಳೇ ಈ ಆಹಾರದ ವ್ಯಾಪ್ತಿಯನ್ನು ಸೂಚಿಸುತ್ತವೆ. ಕನ್ನಡದಲ್ಲಿ ಏಡಿ, ಎಸಡಿ, ನಳ್ಳಿ ಎಂಬ ರೂಪಗಳಿವೆ. ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ, ಕೊಡವ ಭಾಷೆಯಲ್ಲಿ ಞಂಡ್. ಕೊಡವದ ಈ ಪದವೂ ಮಲಯಾಳದ ಞಂಡ್, ತಮಿಳಿನ ನಂಡು ಪದಗಳೂ ಒಂದೇ ಬೇರಿನವೆಂಬುದು ಸ್ಪಷ್ಟ. ಸಂಸ್ಕೃತದ ಕರ್ಕಾಟಕವು ಅಡುಗೆಮನೆಗೆ ಬಾರದೆ ಪಂಚಾಂಗದಲ್ಲಿಯೇ ಉಳಿಯಿತು. ಆದರೂ ಅಲ್ಲೊಂದು ಸ್ವಾರಸ್ಯವಿದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕರ್ಕಾಟಕ ಸೌರಮಾಸವನ್ನು ತುಳುವರು ಆಟಿ ಎಂದೂ ಕೊಡವರು ಕಕ್ಕಡ ಎಂದೂ ಕರೆಯುತ್ತಾರೆ. ಆಕಾಶದ ಏಡಿಗೂ ಗದ್ದೆಯ ಏಡಿಗೂ ಸಂಬಂಧವೇನೂ ಇಲ್ಲ. ರಾಶಿಗಳ ಕಲ್ಪನೆ ಬೇರೆ ನಾಡುಗಳಿಂದ ಬಂದದ್ದು. ಆದರೆ ಗದ್ದೆಗಳಲ್ಲಿ ನೀರು ನಿಂತು ಏಡಿ ಹೇರಳವಾಗಿ ಸಿಗುವುದೂ, ಕಡಲು ಮುಚ್ಚಿದ್ದರಿಂದ ಮನೆಗಳಲ್ಲಿ ಅದಕ್ಕೆ ಬೇಡಿಕೆ ಬರುವುದೂ ಈ ತಿಂಗಳಿನಲ್ಲಿಯೇ.

ಮನೆಯಡುಗೆಗೆ ಬರುವ ಏಡಿಗಳನ್ನು ಸ್ಥೂಲವಾಗಿ ಕಡಲ ಏಡಿ, ಅಳಿವೆಯ ಕೆಸರೇಡಿ, ಸಿಹಿನೀರಿನ ಗದ್ದೆಯೇಡಿ ಎಂದು ಮೂರು ವರ್ಗಗಳಾಗಿ ನೋಡಬಹುದು. ಕಡಲಿನಿಂದ ಬರುವವುಗಳಲ್ಲಿ ಬೆನ್ನಿನ ಮೇಲೆ ಮೂರು ಕೆಂಪು ಚುಕ್ಕೆಗಳಿರುವ ಈಜುವ ಏಡಿ, ನೀಲಿ ಛಾಯೆಯ ಈಜುವ ಏಡಿ ಮತ್ತು ಶಿಲುಬೆಯಂತಹ ಗುರುತುಳ್ಳ ಏಡಿ ಮುಖ್ಯವಾದವು. ಈ ಕೊನೆಯದರ ಬಗ್ಗೆ ಕ್ರೈಸ್ತರಲ್ಲಿ ಒಂದು ಐತಿಹ್ಯವಿದೆ: ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಡಲಿನಲ್ಲಿ ಕಳೆದುಕೊಂಡ ಶಿಲುಬೆಯನ್ನು ಏಡಿಯೊಂದು ತಂದೊಪ್ಪಿಸಿದ್ದರಿಂದ ಅದರ ಬೆನ್ನಿನ ಮೇಲೆ ಆ ಗುರುತು ಉಳಿಯಿತೆನ್ನಲಾಗುತ್ತದೆ. ಎರಡನೆಯ ವರ್ಗದ ಕೆಸರೇಡಿಯು ಕಾಳಿ, ಅಘನಾಶಿನಿ, ಗಂಗೊಳ್ಳಿ, ಸೀತಾ-ಸ್ವರ್ಣಾ, ನೇತ್ರಾವತಿ-ಗುರುಪುರ ಅಳಿವೆಗಳ ಕಾಂಡ್ಲಾ ಬೇರುಗಳ ನಡುವೆ ಬಿಲ ತೋಡಿಕೊಂಡು ಬದುಕುವಂಥದು. ಬಹುಕಾಲ ಒಂದೇ ಪ್ರಭೇದವೆಂದು ಬಗೆಯಲಾಗಿದ್ದ ಇದನ್ನು 1998ರಲ್ಲಿ ಕೀನನ್ ಮತ್ತು ಸಂಗಡಿಗರು ‘ಸಿಲ್ಲಾ’ ಕುಲದ ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು. ಚಿಕ್ಕದಾದ ಕೆಂಪುಗಾಲಿನ ಏಡಿ ಬೇರೆ, ದೊಡ್ಡದಾಗಿ ಬೆಳೆಯುವ ಹಸಿರು ಛಾಯೆಯ ಏಡಿ ಬೇರೆ ಎಂಬುದು ಮಾತ್ರ ಹೊಳೆಬದಿಯ ಮನೆಗಳಿಗೆ ಹೊಸ ಸಂಗತಿಯಾಗಿರಲಿಲ್ಲ.

ಏಡಿಯ ಅಡುಗೆಯ ಮುಕ್ಕಾಲು ಪಾಲು ಒಲೆ ಹೊತ್ತಿಸುವ ಮೊದಲೇ ಮುಗಿದಿರುತ್ತದೆ ಎಂಬುದನ್ನು ಅಚ್ಚಾದ ಅಡುಗೆ ಪುಸ್ತಕಗಳು ಸಾಮಾನ್ಯವಾಗಿ ಗಮನಿಸಿಲ್ಲ. ಅವುಗಳಲ್ಲಿ ಮಸಾಲೆಯ ಅಳತೆ ಇರುತ್ತದೆ. ‘ಏಡಿಗಳನ್ನು ಸ್ವಚ್ಛಗೊಳಿಸಿ’ ಎಂಬ ಒಂದು ವಾಕ್ಯದಲ್ಲಿ ಉಳಿದುದೆಲ್ಲ ಅಡಗಿರುತ್ತದೆ. ಮಸಾಲೆಯಾದರೋ ಬಂಗುಡೆಗೂ ಸಿಗಡಿಗೂ ಕೋಳಿಗೂ ಹೆಚ್ಚುಕಡಿಮೆ ಸಮಾನವಾದುದು. ಏಡಿಗೆ ವಿಶಿಷ್ಟವಾದ ಜ್ಞಾನವಿರುವುದು ಆಯ್ಕೆಯಲ್ಲಿ, ಕೊಲ್ಲುವಲ್ಲಿ, ಒಡೆಯುವಲ್ಲಿ.

ಆಯ್ಕೆಯಲ್ಲಿ ಗಾತ್ರಕ್ಕಿಂತ ತೂಕವೇ ಪ್ರಮಾಣ. ಏಡಿಯು ಬೆಳೆಯಬೇಕಾದರೆ ತನ್ನ ಹಳೆಯ ಚಿಪ್ಪನ್ನು ಕಳಚಬೇಕು. ಕಳಚಿದ ಕೂಡಲೇ ಅದು ನೀರನ್ನು ಹೀರಿ ಉಬ್ಬುತ್ತದೆ, ಹೊಸ ಚಿಪ್ಪು ಆ ಉಬ್ಬಿದ ಅಳತೆಗೇ ಗಟ್ಟಿಯಾಗುತ್ತದೆ, ಒಳಗೆ ಮಾಂಸ ತುಂಬುವುದು ನಿಧಾನವಾಗಿ. ಈ ನಡುವಿನ ಅವಧಿಯಲ್ಲಿ ಸಿಕ್ಕ ಏಡಿ ನೋಡಲು ದೊಡ್ಡದು; ಬೇಯಿಸಿದರೆ ನೀರು ಮತ್ತು ಎಳೆಗಳಷ್ಟೇ. ಆದುದರಿಂದ ಅನುಭವಿಗಳು ಏಡಿಯನ್ನು ಅಂಗೈಯಲ್ಲಿ ತೂಗಿ, ಹೊಟ್ಟೆಯ ಭಾಗದ ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಬಾಗಿದರೆ ಬಿಡುತ್ತಾರೆ. ಉಜ್ಜಿ ಹೊಳೆಯುವಂತಿರುವ ಹೊಸ ಚಿಪ್ಪಿಗಿಂತ ಪಾಚಿ ಹಿಡಿದು ಮಸುಕಾದ ಚಿಪ್ಪೇ ಮೇಲು, ಏಕೆಂದರೆ ಅದು ಕಳಚಿ ಬಹುದಿನಗಳಾದ, ತುಂಬಿದ ಏಡಿಯ ಲಕ್ಷಣ. ಅಂಗಡಿಯಲ್ಲಿ ಹೊಳಪನ್ನು ನೋಡಿ ಕೊಳ್ಳುವ ಅಭ್ಯಾಸ ಇಲ್ಲಿ ಮೋಸ ಹೋಗುವ ದಾರಿ.

ಅಮಾವಾಸ್ಯೆಯ ಏಡಿ ತುಂಬಿರುತ್ತದೆ, ಹುಣ್ಣಿಮೆಯ ಏಡಿ ಪೊಳ್ಳು ಎಂಬ ನಂಬಿಕೆ ಪಶ್ಚಿಮ ಕರಾವಳಿಯುದ್ದಕ್ಕೂ ಪ್ರಚಲಿತವಾಗಿದೆ. ಬೆಳದಿಂಗಳಿನಲ್ಲಿ ಏಡಿ ಮೇಯಲು ಹೊರಬರುವುದಿಲ್ಲವೆಂಬುದು ಅದಕ್ಕೆ ಕೊಡುವ ಕಾರಣ. ಪ್ರಾಚೀನ ರೋಮಿನಲ್ಲಿ ಇದ್ದ ನಂಬಿಕೆ ಇದಕ್ಕೆ ತದ್ವಿರುದ್ಧವಾದುದು: ಸಿಂಪಿಗಳೂ ಚಿಪ್ಪಿನ ಜೀವಿಗಳೂ ಚಂದ್ರನೊಡನೆ ಬೆಳೆದು ಚಂದ್ರನೊಡನೆ ಕ್ಷೀಣಿಸುತ್ತವೆಂಬ ಮಾತನ್ನು ಸಿಸೆರೋ ಉಲ್ಲೇಖಿಸಿದ್ದಾನೆ. ಕೆಲವು ಕಡಲಜೀವಿಗಳ ಚಿಪ್ಪು ಕಳಚುವಿಕೆ ಮತ್ತು ಸಂತಾನಕ್ರಿಯೆಗಳು ಉಬ್ಬರ-ಇಳಿತಗಳ ಲಯವನ್ನು ಅನುಸರಿಸುತ್ತವೆಂಬುದು ನಿಜ. ಆದರೆ ಒಂದೇ ದಿನ ಒಂದೇ ಬುಟ್ಟಿಯಲ್ಲಿ ತುಂಬಿದ ಏಡಿಯೂ ಪೊಳ್ಳು ಏಡಿಯೂ ಸಿಗುತ್ತವೆ. ಚಂದ್ರನಿಗಿಂತ ಹೆಬ್ಬೆರಳಿಗೆ ಹೆಚ್ಚು ಬೆಲೆ ಕೊಡುವುದು ಯುಕ್ತ.

ಗಂಡು-ಹೆಣ್ಣುಗಳನ್ನು ಗುರುತಿಸುವುದು ಹೊಟ್ಟೆಗೆ ಮಡಚಿಕೊಂಡಿರುವ ಮುಚ್ಚಳದಿಂದ. ಗಂಡಿಗೆ ಅದು ಕಿರಿದು, ಮೊನಚು. ಬಲಿತ ಹೆಣ್ಣಿಗೆ ಅರ್ಧಚಂದ್ರದಂತೆ ಅಗಲ. ದೊಡ್ಡ ಇಕ್ಕಳಗಾಲುಗಳ ಮಾಂಸ ಬೇಕಾದವರು ಗಂಡನ್ನು, ಒಳಗಿನ ಕೇಸರಿ ಬಣ್ಣದ ತತ್ತಿಯನ್ನು ಬಯಸುವವರು ಹೆಣ್ಣನ್ನು ಆರಿಸುತ್ತಾರೆ. ಮುಚ್ಚಳದ ಹೊರಗೆ ಮೊಟ್ಟೆಯ ಗೊಂಚಲನ್ನು ಹೊತ್ತ ಹೆಣ್ಣು ಅಡುಗೆಗೆ ತಕ್ಕುದಲ್ಲ. ಅದರ ದೇಹಸತ್ತ್ವವೆಲ್ಲ ಮೊಟ್ಟೆಗೆ ಹೋಗಿರುತ್ತದೆ, ಲಕ್ಷಗಟ್ಟಲೆ ಮರಿಗಳ ಸಂತತಿಯೂ ಅದರೊಡನೆ ನಾಶವಾಗುತ್ತದೆ.

ಕೆಸರೇಡಿಯನ್ನು ಜೀವಂತವಾಗಿಯೇ ಮನೆಗೆ ತರುವುದು ವಾಡಿಕೆ. ಕಿವಿರಿನ ಗೂಡಿನಲ್ಲಿ ತೇವವಿರುವವರೆಗೆ ಅದು ನೀರಿನ ಹೊರಗೂ ಕೆಲವು ದಿನ ಬದುಕಬಲ್ಲದು. ಸತ್ತ ಮೇಲಾದರೋ ಅದರ ಜೀರ್ಣಗ್ರಂಥಿಯ ಕಿಣ್ವಗಳು ಸ್ವಂತ ಮಾಂಸವನ್ನೇ ಕರಗಿಸತೊಡಗುತ್ತವೆ, ಬ್ಯಾಕ್ಟೀರಿಯಾಗಳೂ ಬೇಗ ಹಬ್ಬುತ್ತವೆ. ಯಾವಾಗ ಸತ್ತಿತೆಂದು ತಿಳಿಯದ ಕೆಸರೇಡಿಯನ್ನು ಬೇಯಿಸಬಾರದೆಂಬ ಮನೆಯ ಕಟ್ಟಳೆಗೆ ಈ ಆಧಾರವಿದೆ. ಕಡಲ ಏಡಿ ಬಲೆಯಿಂದ ಬೇರ್ಪಡುವಾಗಲೇ ಸಾಮಾನ್ಯವಾಗಿ ಸತ್ತಿರುವುದರಿಂದ ಅದಕ್ಕೆ ಮಂಜುಗಡ್ಡೆಯೇ ಗತಿ. ಅಲ್ಲಿ ಮೂಗೇ ನ್ಯಾಯಾಧೀಶ.

ಜೀವಂತ ಏಡಿಯನ್ನು ಕುದಿಯುವ ನೀರಿಗೆ ನೇರವಾಗಿ ಹಾಕಿದರೆ ಅದು ತನ್ನ ಕಾಲುಗಳನ್ನು ತಾನೇ ಕಳಚಿಕೊಳ್ಳುತ್ತದೆ. ಅಪಾಯದಲ್ಲಿ ಅಂಗವನ್ನು ಬಿಟ್ಟು ಪಾರಾಗುವುದು ಅದರ ಸಹಜ ತಂತ್ರ. ಕಳಚಿದ ಜಾಗದಿಂದ ನೀರು ಒಳಹೊಕ್ಕು ಮಾಂಸ ಸಪ್ಪೆಯಾಗುತ್ತದೆ. ಆದುದರಿಂದ ಇಕ್ಕಳಗಾಲುಗಳ ಕಟ್ಟು ಬಿಚ್ಚದೆಯೇ ಏಡಿಯನ್ನು ಮಂಜಿನ ನೀರಿನಲ್ಲಿ ಮರಗಟ್ಟಿಸಿ, ಅನಂತರ ಹೊಟ್ಟೆಯ ಮುಚ್ಚಳವೆತ್ತಿ ನಡುವೆ ಚೂಪಾದ ಕತ್ತಿಯ ಮೊನೆಯಿಂದ ಚುಚ್ಚಿ ಕೊಲ್ಲುವುದು ಉತ್ತಮ ಕ್ರಮ. ಏಡಿಗೆ ಬೇಗ ಬಿಡುಗಡೆ, ಬೆರಳುಗಳಿಗೂ ಕ್ಷೇಮ. ತೆಂಗಿನ ನಾರಿನಿಂದ ಕೆಸರನ್ನು ತಿಕ್ಕಿ ತೊಳೆದು, ಮುಚ್ಚಳವನ್ನು ಕಿತ್ತು, ಬೆನ್ನಿನ ಚಿಪ್ಪನ್ನು ಹಿಂಬದಿಯಿಂದ ಎತ್ತಿದರೆ ಒಳಗಿನ ವ್ಯವಸ್ಥೆ ಕಾಣುತ್ತದೆ. ಇಬ್ಬದಿಯಲ್ಲಿ ಬೂದುಬಣ್ಣದ ಗರಿಗಳಂತಿರುವ ಕಿವಿರುಗಳನ್ನೂ ಕಣ್ಣುಗಳ ಹಿಂದಿರುವ ಹೊಟ್ಟೆಚೀಲವನ್ನೂ ತೆಗೆಯಬೇಕು. ಕಿವಿರು ವಿಷವೆಂಬ ಮಾತು ಕೇಳಿಬರುತ್ತದೆ. ಅದು ವಿಷವಲ್ಲ, ಹೊಳೆಯ ಕೆಸರನ್ನೆಲ್ಲ ಸೋಸಿ ಹಿಡಿದಿಟ್ಟ ಜರಡಿ. ಬೆನ್ನಚಿಪ್ಪಿನ ಒಳಗೆ ಅಂಟಿಕೊಂಡ ಹಳದಿ ಭಾಗ ಜೀರ್ಣಗ್ರಂಥಿ. ಸಾರಿಗೆ ಸಾಂದ್ರತೆಯನ್ನೂ ರುಚಿಯನ್ನೂ ಕೊಡುವ ಅದನ್ನು ತೊಳೆದು ಚೆಲ್ಲುವುದು ಹೊಸಬರು ಮಾಡುವ ತಪ್ಪು. ಆದರೆ ಕೊಳಚೆ ಅಥವಾ ಕಾರ್ಖಾನೆಯ ನೀರು ಸೇರುವ ಹೊಳೆಗಳ ಏಡಿಯಲ್ಲಿ ಭಾರಲೋಹಗಳು ಸಂಗ್ರಹವಾಗುವುದು ಇದೇ ಗ್ರಂಥಿಯಲ್ಲಿ. ಅಂತಹ ಕಡೆ ರುಚಿಯನ್ನು ಬಿಟ್ಟುಕೊಡುವುದು ವಿವೇಕ.

ಬಳಿಕ ದೇಹವನ್ನು ಎರಡಾಗಿ, ದೊಡ್ಡದಾದರೆ ನಾಲ್ಕಾಗಿ ಮೆಟ್ಟುಗತ್ತಿಯಲ್ಲಿ ಸೀಳಿ, ಇಕ್ಕಳಗಾಲುಗಳನ್ನು ಕಲ್ಲಿನ ಗುಂಡಿನಿಂದ ಒಂದೇ ಪೆಟ್ಟಿಗೆ ಬಿರುಕುಗೊಳಿಸುತ್ತಾರೆ. ಪೆಟ್ಟು ಹೆಚ್ಚಾದರೆ ಚಿಪ್ಪಿನ ಚೂರು ಸಾರಿನಲ್ಲಿ ಬೆರೆತು ಬಾಯಿಗೆ ಚುಚ್ಚುತ್ತದೆ. ಕಡಿಮೆಯಾದರೆ ಉಪ್ಪು ಹುಳಿ ಒಳಗೆ ಇಳಿಯುವುದಿಲ್ಲ. ಈ ಅಳತೆಯನ್ನು ಯಾವ ಪುಸ್ತಕವೂ ಕಲಿಸಲಾರದು.

ಪಾಕದ ಭಾಗ ಇದಕ್ಕಿಂತ ಸರಳ. ತುಳುನಾಡಿನ ಗಸಿಯಲ್ಲಿ ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಚಿಟಿಕೆ ಮೆಂತೆ ಇವುಗಳನ್ನು ಹುರಿದು, ತೆಂಗಿನತುರಿ, ಬೆಳ್ಳುಳ್ಳಿ, ಅರಸಿನ, ಹುಣಸೆಹುಳಿಗಳೊಡನೆ ನುಣ್ಣಗೆ ಕಡೆಯುತ್ತಾರೆ. ಸುಕ್ಕಕ್ಕೆ ತೆಂಗಿನತುರಿಯನ್ನು ತರಿತರಿಯಾಗಿ ಜಜ್ಜಿ ಕೊನೆಯಲ್ಲಿ ಬೆರೆಸಿ ನೀರಾರಿಸುತ್ತಾರೆ. ಪುಳಿಮುಂಚಿಯಲ್ಲಿ ಹೆಸರೇ ಹೇಳುವಂತೆ ಹುಳಿ ಮತ್ತು ಮೆಣಸಿಗೇ ಪ್ರಾಧಾನ್ಯ. ಉತ್ತರ ಕನ್ನಡದ ಕಡೆ ಹುಣಸೆಯ ಬದಲು ಮುರುಗಲ ಸಿಪ್ಪೆ, ಕೊಡಗಿನಲ್ಲಿ ಕಾಚಂಪುಳಿ. ಹುಳಿಯು ಕೇವಲ ರುಚಿಗಲ್ಲ. ಕಡಲಜೀವಿಗಳ ಮಾಂಸದ ನಾತಕ್ಕೆ ಕಾರಣವಾದ ಅಮೈನುಗಳು ಆಮ್ಲದೊಡನೆ ಸೇರಿ ಆವಿಯಾಗದ ಲವಣಗಳಾಗುವುದರಿಂದ ವಾಸನೆ ತಗ್ಗುತ್ತದೆ.

ಎಲ್ಲ ಕಡೆಗೂ ಸಮಾನವಾದ ಕೆಲವು ಸೂಕ್ಷ್ಮಗಳಿವೆ. ಏಡಿ ತಾನೇ ನೀರು ಬಿಡುವುದರಿಂದ ಮೊದಲೇ ನೀರು ಸುರಿಯಬಾರದು. ಕಡಲ ಏಡಿಯಲ್ಲಿ ಉಪ್ಪಿನಂಶ ಇರುವುದರಿಂದ ಕೊನೆಯಲ್ಲಿ ರುಚಿ ನೋಡಿ ಉಪ್ಪು ಹಾಕಬೇಕು. ತುಂಡುಗಳು ಮಧ್ಯಮ ಉರಿಯಲ್ಲಿ ಹತ್ತು ಹದಿನೈದು ನಿಮಿಷದಲ್ಲಿ ಬೇಯುತ್ತವೆ. ಹೆಚ್ಚು ಕುದಿಸಿದರೆ ಮಾಂಸ ಸಂಕುಚಿಸಿ ನಾರಾಗಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಮಾಗಿದ ಹಸಿರು ಚಿಪ್ಪು ಕೆಂಪಾಗುವುದು ಬೆಂದುದರ ಮೊದಲ ಸೂಚನೆಯಷ್ಟೆ, ಪೂರ್ಣ ಪ್ರಮಾಣವಲ್ಲ. ಚಿಪ್ಪಿನಲ್ಲಿ ಪ್ರೋಟೀನಿನೊಡನೆ ಬಂಧಿತವಾಗಿದ್ದ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯವು ಶಾಖಕ್ಕೆ ಆ ಬಂಧ ಕಳಚಿದಾಗ ಪ್ರಕಟವಾಗುತ್ತದೆ. ಹೊರಗೆ ಬಣ್ಣ ಬಂದ ಮೇಲೂ ಒಳಗಿನ ಮಾಂಸ ಬಿಳಿಯಾಗಿ ಗಟ್ಟಿಯಾಗುವವರೆಗೆ ಕಾಯಬೇಕು.

ಗದ್ದೆಯೇಡಿಯ ಅಡುಗೆ ಬೇರೆಯೇ ಜಗತ್ತು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಮೊದಲ ಮಳೆಗಳ ಬಳಿಕ ರಾತ್ರಿ ದೀಪ ಹಿಡಿದು ಹೋಗಿ ಹಿಡಿಯುವ ಈ ಏಡಿಗಳಲ್ಲಿ ಕೀಳಿ ತಿನ್ನುವಷ್ಟು ಮಾಂಸವಿರುವುದಿಲ್ಲ. ಆದುದರಿಂದ ಇಲ್ಲಿ ಮಾಂಸಕ್ಕಿಂತ ರಸವೇ ಮುಖ್ಯ. ಕಿವಿರು ತೆಗೆದು ತೊಳೆದ ದೇಹ ಮತ್ತು ಕಾಲುಗಳನ್ನು ಒರಳಿನಲ್ಲಿ ಕುಟ್ಟಿ, ನೀರು ಬೆರೆಸಿ ಕಿವುಚಿ, ಬಟ್ಟೆಯಲ್ಲಿ ಸೋಸುತ್ತಾರೆ. ಸೋಸಿದ ಬೂದುಬಣ್ಣದ ನೀರನ್ನು ಸಣ್ಣ ಉರಿಯಲ್ಲಿ ಕಾಯಿಸಿದಾಗ ಪ್ರೋಟೀನು ಹೆಪ್ಪುಗಟ್ಟಿ ಹಗುರಾದ ಮೊಸರಿನಂತೆ ಮೇಲೇರುತ್ತದೆ. ಆಗ ಕಲಕಿದರೆ ಅದು ಪುಡಿಯಾಗಿ ಕೆಡುತ್ತದೆ. ಕಾಳುಮೆಣಸು, ಬೆಳ್ಳುಳ್ಳಿ, ಹುಳಿ ಸೇರಿದ ಈ ಸಾರನ್ನು ನೆಗಡಿ ಕೆಮ್ಮುಗಳಿಗೂ ಕೊಡುವುದುಂಟು. ವಿಯೆಟ್ನಾಮಿನ ಗದ್ದೆನಾಡಿನ ಏಡಿ ಸಾರಿನ ವಿಧಾನವೂ ಇದೇ ಎಂಬುದು ಕುತೂಹಲಕರ. ಗದ್ದೆಯೇಡಿಯ ವಿಷಯದಲ್ಲಿ ಒಂದು ನಿಯಮವಂತೂ ರಾಜಿಯಿಲ್ಲದ್ದು: ಸಿಹಿನೀರಿನ ಏಡಿಗಳು ಶ್ವಾಸಕೋಶವನ್ನು ಹೊಗುವ ಚಪ್ಪಟೆಹುಳುವಿನ ಮರಿಗಳನ್ನು ಹೊತ್ತಿರಬಹುದಾದ್ದರಿಂದ ಅವುಗಳ ರಸವನ್ನು ಚೆನ್ನಾಗಿ ಕುದಿಸದೆ ನಾಲಗೆಗೆ ಹಚ್ಚಕೂಡದು, ಕುಟ್ಟಿದ ಒರಳನ್ನು ಬಿಸಿನೀರಿನಲ್ಲಿ ತೊಳೆಯಬೇಕು. ಈಶಾನ್ಯ ಭಾರತದಲ್ಲಿ ಅರೆಬೆಂದ ಏಡಿಯಿಂದ ಹರಡುವ ಈ ರೋಗವು ಕ್ಷಯವೆಂದು ತಪ್ಪಾಗಿ ಗುರುತಿಸಲ್ಪಟ್ಟ ನಿದರ್ಶನಗಳಿವೆ.

ಗದ್ದೆಯೇಡಿಗೆ ಮುಖ್ಯವಾಗಿ ಬಡವರ ಆಹಾರವೆಂಬ ಹಣೆಪಟ್ಟಿಯೂ ಇತ್ತು. ಭತ್ತದ ಗದ್ದೆಯ ಬೆಳೆ ಒಡೆಯನದು, ಅದರ ಬದುವಿನ ಬಿಲ ಕೂಲಿಯವನದು ಎಂಬ ವ್ಯವಸ್ಥೆಯಲ್ಲಿ ಹಣವಿಲ್ಲದೆ ದೊರೆಯುತ್ತಿದ್ದ ಪ್ರಾಣಿಜನ್ಯ ಆಹಾರಗಳಲ್ಲಿ ಇದೊಂದು. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ ಮತ್ತು ಮೊಣಕಾಲುಗಳ ಕೀಲುಗಳನ್ನು ಊನಗೊಳಿಸುವ ಕಾಯಿಲೆ ಬೆಳಕಿಗೆ ಬಂದಾಗ ಸಂಶಯ ಹೋದದ್ದು ಈ ಆಹಾರದ ಮೇಲೆಯೇ. ರೋಗಪೀಡಿತರಲ್ಲಿ ಬಹುಪಾಲು ಬಡ ದಲಿತ ಕುಟುಂಬಗಳವರು. ಗದ್ದೆಗಳಿಗೆ ಕೀಟನಾಶಕ ಸಿಂಪಡಿಸುವುದು ಆಗಷ್ಟೇ ಹೆಚ್ಚುತ್ತಿತ್ತು. ವಿಷವುಂಡ ಏಡಿಯನ್ನು ತಿಂದದ್ದೇ ಕಾರಣವೆಂಬ ಊಹೆ ವ್ಯಾಪಕವಾಗಿ ಹಬ್ಬಿತು. ಮುಂದಿನ ದಶಕಗಳ ವೈದ್ಯಕೀಯ ಅಧ್ಯಯನಗಳು ಅದನ್ನು ವಂಶಪಾರಂಪರ್ಯವಾಗಿ ಬರುವ ಮೂಳೆಯ ಬೆಳವಣಿಗೆಯ ದೋಷವೆಂದು ಗುರುತಿಸಿದವು. ಅಷ್ಟರಲ್ಲಿ ಏಡಿಯ ಹೆಸರು ಕೆಟ್ಟಿತ್ತು. ಕೀಟನಾಶಕ ಸಿಂಪಡಿಸಿದ ಗದ್ದೆಯಲ್ಲಿ ತೇಲುವ ಏಡಿಯನ್ನು ತಿನ್ನಬಾರದೆಂಬುದು ಆ ರೋಗದ ಸಂಬಂಧವಿಲ್ಲದೆಯೂ ಸತ್ಯವೇ. ಆದರೆ ವಿಷವನ್ನು ಗದ್ದೆಗೆ ಹಾಕಿದುದರ ಬಗ್ಗೆ ಏಳದ ಪ್ರಶ್ನೆಗಳು ಏಡಿಯನ್ನು ತಿಂದವರ ಬಗ್ಗೆ ಎದ್ದುವೆಂಬುದನ್ನು ಆಹಾರದ ಸಾಮಾಜಿಕ ಇತಿಹಾಸ ಬರೆಯುವವರು ಕಡೆಗಣಿಸುವಂತಿಲ್ಲ. ಗದ್ದೆಗಳು ಅಡಿಕೆ ತೋಟಗಳಾದ ಕಡೆ ಈ ಸಾರಿನ ಪಾಕವಷ್ಟೇ ಅಲ್ಲ, ಅದಕ್ಕೆ ಬೇಕಾದ ಜೀವಿಯೂ ಇಲ್ಲವಾಗುತ್ತಿದೆ.

ಕೆಸರೇಡಿಯ ವಿಚಾರದಲ್ಲಿ ಆದದ್ದು ಇದರ ವಿಲೋಮ. 1980ರ ದಶಕದ ಕೊನೆಯಿಂದ ಭಾರತದ ಜೀವಂತ ಕೆಸರೇಡಿಗೆ ಆಗ್ನೇಯ ಏಷ್ಯಾದ ಮಾರುಕಟ್ಟೆ ತೆರೆದುಕೊಂಡಿತು. ತೂಕದ, ತುಂಬಿದ ಏಡಿ ಬುಟ್ಟಿ ಸೇರಿ ವಿಮಾನವೇರತೊಡಗಿತು. ಕಾಲು ಮುರಿದದ್ದು, ಚಿಕ್ಕದು, ಪೊಳ್ಳು ಊರಿನ ಸಂತೆಗೆ ಉಳಿಯಿತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಹೊಳೆಯ ಏಡಿಗೆ ಬೆಲೆ ಮತ್ತಷ್ಟು ಏರುತ್ತದೆ. ನಗರಗಳಲ್ಲಿ ಒಡೆದು ಶುಚಿಗೊಳಿಸಿ ಪೊಟ್ಟಣ ಕಟ್ಟಿದ ಏಡಿ ದೊರೆಯುತ್ತಿದ್ದು, ಅನುಕೂಲವೇನೋ ಹೌದು. ಆದರೆ ಅದರೊಡನೆ ಹೆಬ್ಬೆರಳಿನ ಪರೀಕ್ಷೆ, ಮುಚ್ಚಳದ ಗುರುತು, ಹಳದಿಯನ್ನು ಉಳಿಸಿಕೊಳ್ಳುವ ಜಾಣ್ಮೆ ಇವು ಒಂದು ತಲೆಮಾರಿಗೇ ಅನವಶ್ಯಕವಾಗುತ್ತವೆ. ಮಸಾಲೆಯ ಪಟ್ಟಿಯನ್ನು ದಾಖಲಿಸಿದವರು ಇವನ್ನು ದಾಖಲಿಸಿಲ್ಲ. ಕ್ಷೇತ್ರಕಾರ್ಯ ಕೈಗೊಳ್ಳುವವರು ಮೊದಲು ಕೇಳಬೇಕಾದದ್ದು ಸಾರಿಗೆ ಏನೇನು ಹಾಕುತ್ತೀರಿ ಎಂದಲ್ಲ, ಯಾವ ಏಡಿಯನ್ನು ಬುಟ್ಟಿಯಲ್ಲಿಯೇ ಬಿಟ್ಟು ಬರುತ್ತೀರಿ ಎಂದು.

ಊಟದ ಕ್ರಮವನ್ನೂ ಕುರಿತು ಒಂದೆರಡು ಮಾತು ಹೇಳಬೇಕು. ಕರಾವಳಿಯಲ್ಲಿ ಗಸಿಗೆ ನೀರುದೋಸೆ ಅಥವಾ ಕುಚ್ಚಲಕ್ಕಿ ಅನ್ನ, ಸುಕ್ಕಕ್ಕೆ ಗಂಜಿ, ಕೊಡಗಿನಲ್ಲಿ ಅಕ್ಕಿರೊಟ್ಟಿ ಅಥವಾ ಕಡಂಬಟ್ಟು ಒಪ್ಪುವ ಜೊತೆ. ಏಡಿಯನ್ನು ಅವಸರದಲ್ಲಿ ಉಣ್ಣಲಾಗದು. ಎರಡೂ ಕೈ ಬೇಕು, ಮಾತು ಕಡಿಮೆಯಾಗುತ್ತದೆ, ನೆಂಟರಿಷ್ಟರ ಎದುರು ಸಂಕೋಚಪಡುವವರಿಗೆ ಅದು ಹೇಳಿಸಿದ್ದಲ್ಲ. ಇಕ್ಕಳಗಾಲು ಮಕ್ಕಳಿಗೆ, ಬೆನ್ನಚಿಪ್ಪಿನ ಹಳದಿಯಲ್ಲಿ ಕಲಸಿದ ಒಂದು ತುತ್ತು ಅನ್ನ ಹಿರಿಯರಿಗೆ, ಸಣ್ಣ ಕಾಲುಗಳು ಅಡುಗೆ ಮಾಡಿದವಳಿಗೆ ಎಂಬ ಹಂಚಿಕೆ ಅನೇಕ ಮನೆಗಳಲ್ಲಿ ಕಾಣುತ್ತದೆ. ಒಂದು ರಾತ್ರಿ ಕಳೆದು ಮರುದಿನ ಚೆನ್ನಾಗಿ ಕುದಿಸಿದ ಸಾರಿನಲ್ಲಿ ತುಂಡುಗಳು ಮುಗಿದಿದ್ದರೂ ರುಚಿ ಹೆಚ್ಚಿರುತ್ತದೆ. ಎಲೆಯ ಬದಿಗೆ ರಾಶಿಬಿದ್ದ ಚಿಪ್ಪುಗಳನ್ನು ನಾಯಿಬೆಕ್ಕುಗಳ ಗಂಟಲಿಗೆ ಸಿಗದಂತೆ ತೆಂಗಿನ ಬುಡದಲ್ಲಿ ಮಣ್ಣು ಮುಚ್ಚಿ ಹೂಳುತ್ತಾರೆ.